ಫೋಟೊ ಹ್ಯಾಂಗ ಬಂದದ್ರಿ?

ತಿಂಥಣಿಯ ಮೌನೇಶ್ವರ ಜಾತ್ರೆ ಬಂತೆಂದರೆ ಸುರಪುರ, ಶಹಾಪುರ, ಹುಣಸಗಿ ಸೀಮೆಯ ಮೊಬೈಲುಗಳಲ್ಲೂ ಜಾತ್ರೆ ನೆರೆಯುತ್ತದೆ. ಪಲ್ಲಕ್ಕಿ, ಕೃಷ್ಣೆಯಲ್ಲಿ ಮೀಯುತ್ತಿರುವ ಹೆಂಗಸರು, ಬೆಂಡು ಬತ್ತಾಸಿನ ಅಂಗಡಿ, ಎತ್ತಿನ ಕೊರಳಿಗೆ ಹೊಸ ಗೆಜ್ಜೆ, ಅಪ್ಪನ ಹೆಗಲ ಮೇಲೆ ಕುಳಿತ ಕೂಸು. ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗಿ ಊರಿಗೆ ಬರಲಾಗದೆ ಉಳಿದವರಿಗೆ ಈ ಚಿತ್ರಗಳೇ ಆ ವರ್ಷದ ಜಾತ್ರೆ. ತೆಗೆದವರು ಕಾಲೇಜು ಹುಡುಗರು, ಗಾರೆ ಕೆಲಸದವರು, ಅಂಗಡಿಯಲ್ಲಿ ಕೂತವರು, ಶಿಕ್ಷಕಿಯರು. ಯಾರೂ ಕಸುಬಿನ ಫೋಟೊಗ್ರಾಫರ್ ಅಲ್ಲ. ಚಿತ್ರ ಕಳಿಸಿದ ಮೇಲೆ, ಅಥವಾ ಎದುರಿಗೆ ಮೊಬೈಲ್ ಹಿಡಿದು, ಎಲ್ಲರೂ ಕೇಳುವುದು ಒಂದೇ ಮಾತು: ‘ಹ್ಯಾಂಗ ಬಂದದ್ರಿ?’

ಬರುವ ಉತ್ತರ ಹೆಚ್ಚಾಗಿ ‘ಸೂಪರ್’. ಇಲ್ಲವೇ ಎರಡು ಕೈ ಮುಗಿದ ಚಿಹ್ನೆ. ಅಪರೂಪಕ್ಕೆ ದೊಡ್ಡ ಕ್ಯಾಮೆರಾ ಇರುವವರು ಯಾರಾದರೂ ಸಿಕ್ಕರೆ, ‘ಕಂಪೋಸಿಷನ್ ಕೆಟ್ಟದ, ಫೋಕಸ್ ಇಲ್ಲ, ಮೊಬೈಲ್‌ದಾಗ ಇಷ್ಟೇ ಬರೋದು’ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಮುಗಿಸುತ್ತಾರೆ. ಈ ಎರಡೂ ಉತ್ತರಗಳಿಂದ ಕೇಳಿದವನಿಗೆ ಏನೂ ದಕ್ಕುವುದಿಲ್ಲ. ಅವನು ಕೇಳಿದ್ದು ಸೌಜನ್ಯಕ್ಕಲ್ಲ, ನಿಜವಾಗಿ ತಿಳಿಯಬೇಕೆಂದು. ಚಿತ್ರದ ಬಗ್ಗೆ ಆಡಿದ ಮಾತು ಉಪಯುಕ್ತವೋ ಅಲ್ಲವೋ ಎನ್ನುವುದಕ್ಕೆ ನನ್ನ ಅಳತೆ ಇಷ್ಟೇ: ಅದನ್ನು ಕೇಳಿಸಿಕೊಂಡವನು ಮತ್ತೆ ಅದೇ ಹೊಳೆದಂಡೆಗೆ, ಅದೇ ಗುಡಿಯ ಮುಂದಕ್ಕೆ, ಈ ಸಲ ಏನು ನೋಡಬೇಕೆಂದು ತಿಳಿದುಕೊಂಡು ಹೋಗಬೇಕು. ಅಲ್ಲಿಗೆ ಕಳಿಸದ ಹೊಗಳಿಕೆಯೂ ವ್ಯರ್ಥ, ತೆಗಳಿಕೆಯೂ ವ್ಯರ್ಥ.

ಫೋಟೊವನ್ನು ಎದುರಿಗಿಟ್ಟುಕೊಂಡು ಮಾತಾಡುವುದಕ್ಕೆ ಈ ಸೀಮೆಯ ನಂಟು ಹಳೆಯದು. 1840ರ ದಶಕದಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್ ನಮಗೆ ಟೇಲರ್ ಮಂಜಿಲಿನಿಂದ, ರಾಜಾ ವೆಂಕಟಪ್ಪ ನಾಯಕರ ಕಥೆಯಿಂದ, ರಾಜನಕೋಳೂರಿನ ಬೃಹತ್ ಶಿಲಾ ಸಮಾಧಿಗಳ ಬಗ್ಗೆ ಬರೆದವನಾಗಿ ಗೊತ್ತು. ಆತನ ಇನ್ನೊಂದು ಕೆಲಸ ಅಷ್ಟು ಪ್ರಚಾರದಲ್ಲಿಲ್ಲ. 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಫೋಟೊ ಪುಸ್ತಕ ತಂದಿತು. ಚಿತ್ರ ತೆಗೆದವರು ಡಾ. ಪಿಗೌ, ಎ.ಸಿ.ಬಿ. ನೀಲ್, ಕರ್ನಲ್ ಬಿಗ್ಸ್. ಪಿಗೌ ಮುಂಬಯಿ ವೈದ್ಯಕೀಯ ಸೇವೆಯವರು, ಬಿಗ್ಸ್ ತೋಪಿನ ಪಡೆಯ ಅಧಿಕಾರಿ. ಇವರಿಗೆ ಅನ್ನ ಕೊಟ್ಟ ಕಸುಬು ಬೇರೆ, ಕ್ಯಾಮೆರಾ ಕೈಗೆ ಬಂದದ್ದು ಆಮೇಲೆ. ಆ ಚಿತ್ರಗಳಿಗೆ ಇತಿಹಾಸದ ವಿವರಣೆ ಬರೆದವನು ಮೆಡೋಸ್ ಟೇಲರ್. ಕಟ್ಟಡ ಶೈಲಿಯ ಟಿಪ್ಪಣಿ ಬರೆದವನು ಜೇಮ್ಸ್ ಫರ್ಗುಸನ್. ಅದೇ ವರ್ಷ ಬಿಜಾಪುರದ ಮೇಲೆ ಬಂದ ಪುಸ್ತಕದಲ್ಲೂ ಇವರಿಬ್ಬರ ಬರಹವೇ ಇದೆ.

ಈ ಏರ್ಪಾಡಿನಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ ಒಂದಿದೆ. ಒಂದು ಚಿತ್ರಕ್ಕೆ ಇಬ್ಬರು ಓದುಗರು. ಒಬ್ಬ ಆ ನೆಲದಲ್ಲಿ ವರ್ಷಗಟ್ಟಲೆ ಬದುಕಿ, ಅಲ್ಲಿನ ಜನ, ಅರಸು, ಕೆರೆ, ಗುಡ್ಡ ಬಲ್ಲವನು. ಇನ್ನೊಬ್ಬ ಕಂಬ, ಕಮಾನು, ಶಿಖರದ ರೂಪ ಬಲ್ಲವನು. ಒಬ್ಬ ಕಂಡದ್ದು ಇನ್ನೊಬ್ಬನಿಗೆ ಕಾಣುವುದಿಲ್ಲ. ಹವ್ಯಾಸಿಯ ಫೋಟೊಗೆ ಇಂದಿಗೂ ಬೇಕಾಗಿರುವುದು ಈ ಜೋಡಿಯೇ: ಜಾಗ ಬಲ್ಲವರ ಮಾತು, ಚೌಕಟ್ಟು ಬಲ್ಲವರ ಮಾತು. ನಮ್ಮಲ್ಲಿ ಎರಡನೆಯವರನ್ನು ಮಾತ್ರ ವಿಮರ್ಶಕರು ಎಂದುಕೊಂಡಿದ್ದೇವೆ. ಮೊದಲನೆಯವರು ತಿಂಥಣಿಯ ಬೀದಿ ಬೀದಿಯಲ್ಲಿದ್ದಾರೆ. ಅವರನ್ನು ಯಾರೂ ಕೇಳುವುದಿಲ್ಲ.

ಹೊಳೆಯ ಚಿತ್ರವನ್ನೇ ತೆಗೆದುಕೊಳ್ಳಿ. ತಿಂಥಣಿ ಕೃಷ್ಣೆಯ ಬಡಗಣ ದಂಡೆಯಲ್ಲಿದೆ. ಸೇತುವೆ ದಾಟಿದರೆ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕು. ಗುಡಿಯ ಕಡೆಯಿಂದ ಹೊಳೆಗೆ ಮುಖ ಮಾಡಿ ನಿಂತವನು ದಕ್ಷಿಣಕ್ಕೆ ನೋಡುತ್ತಿರುತ್ತಾನೆ. ಚಳಿಗಾಲದಲ್ಲಿ, ಚಳಿ ಮುಗಿಯುವ ದಿನಗಳಲ್ಲಿ ಸೂರ್ಯನೂ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ನಡುಮಧ್ಯಾಹ್ನ ಹೊಳೆಗೆ ಬೆನ್ನು ಮಾಡಿಸಿ ನಿಲ್ಲಿಸಿದ ಮನೆಮಂದಿಯ ಮುಖವೆಲ್ಲ ಕಪ್ಪಾಗಿ, ಹಿಂದಿನ ನೀರು ಬೆಳ್ಳಗೆ ಸುಟ್ಟಂತೆ ಬರುತ್ತದೆ. ‘ಫೋಟೊ ಕಪ್ಪು ಬಂದದ’ ಎಂದರೆ ಅದು ಬರೀ ದೂರು. ‘ಸೂರ್ಯ ನಿಮ್ಮ ಮುಂದಿದ್ದ, ಅವರ ಹಿಂದಿದ್ದ. ಮುಖದ ಮೇಲೆ ಬೆರಳು ಒತ್ತಿ ಹಿಡಿದಿದ್ದರೆ ಮೊಬೈಲ್ ಮುಖಕ್ಕೆ ಬೆಳಕು ಹೊಂದಿಸಿಕೊಳ್ಳುತ್ತಿತ್ತು. ಇಲ್ಲವೇ ಬೆಳಿಗ್ಗೆ ಎಂಟರ ಸುಮಾರಿಗೆ ಬನ್ನಿ, ಬೆಳಕು ಹೊಳೆ ಹರಿದು ಹೋಗುವ ದಿಕ್ಕಿನಿಂದ ಓರೆಯಾಗಿ ಬೀಳುತ್ತದೆ’ ಎಂದರೆ ಅದು ನೆರವು. ಅದೇ ಚಿತ್ರವನ್ನು ಅಂಬಿಗರ ಹಿರಿಯರೊಬ್ಬರಿಗೆ ತೋರಿಸಿದರೆ ಅವರು ಹೇಳುವುದೇ ಬೇರೆ. ‘ಹೊಳಿ ಇಷ್ಟು ಕೇಸರಿ ಎಂದೂ ಇರಂಗಿಲ್ಲೋ ತಮ್ಮಾ’ ಎನ್ನುತ್ತಾರೆ. ಮಳೆಗಾಲದಲ್ಲಿ ಮಣ್ಣು ಕದಡಿದ ಕೆಂಪು ಕಂದು, ಚಳಿಗಾಲದಲ್ಲಿ ತಿಳಿ ಹಸಿರು, ಬೇಸಿಗೆಯಲ್ಲಿ ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ನೀರು. ಮೊಬೈಲಿನ ಫಿಲ್ಟರ್ ಈ ಮೂರನ್ನೂ ಒಂದೇ ಬಣ್ಣ ಮಾಡಿಬಿಟ್ಟಿರುತ್ತದೆ. ಬಣ್ಣ ಏರಿಸಿದ್ದು ಕಣ್ಣಿಗೆ ಹೊಡೆಯುತ್ತದೆ ಎಂದು ಸ್ಪರ್ಧೆಯ ತೀರ್ಪುಗಾರ ಹೇಳಬಲ್ಲ. ಹೊಳೆಯ ನಿಜವಾದ ಬಣ್ಣ ಯಾವುದು ಎಂದು ಹರಗೋಲು ಹಾಕಿದವರೇ ಹೇಳಬೇಕು.

ಜಾತ್ರೆಯ ಚಿತ್ರಗಳಲ್ಲಿ ಅತಿ ಹೆಚ್ಚು ಬರುವುದು ಪಲ್ಲಕ್ಕಿಯದು. ಹಿಂದೂಗಳು ಮೌನೇಶ್ವರ ಎನ್ನುವ, ಮುಸ್ಲಿಮರು ಮೋನುದ್ದೀನ್ ಎನ್ನುವ ಒಬ್ಬನೇ ಸಂತನ ಸುತ್ತ ಅಷ್ಟು ಜನ ಒಟ್ಟಿಗೆ ಸೇರುವ ಹೊತ್ತು ಅದು. ಕೈ ಮೇಲೆತ್ತಿ, ತಲೆಗಳ ಮೇಲಿಂದ, ಝೂಮ್ ಎಳೆದು ತೆಗೆದಿರುತ್ತಾರೆ. ಕೆಳಗೆ ಅರ್ಧ ಚಿತ್ರ ತಲೆಗಳು, ಮೇಲೆ ಅರ್ಧ ಆಕಾಶ, ನಡುವೆ ಬೆರಳಿನಷ್ಟು ಪಲ್ಲಕ್ಕಿ. ಇಂಥದ್ದೊಂದನ್ನು ಹಿಡಿದು ಬಂದ ಹುಡುಗನೊಬ್ಬನಿಗೆ ನಾನು ಮೊದಲು ಕೇಳಿದ್ದು ಚಿತ್ರದ ಗುಣದೋಷದ ಬಗ್ಗೆ ಅಲ್ಲ.

‘ಇದನ್ನ ಆಗೇ ಯಾಕ ತೆಗ್ದಿಯಪ್ಪಾ?’

‘ಒಬ್ಬ ಮುತ್ಯಾ ಪಲ್ಲಕ್ಕಿ ನೋಡಿ ಅಳ್ಳಾಕ ಹತ್ತಿದ್ದನ್ರಿ. ಪಕ್ಕದ ಹೆಣ್ಮಗಳು ಅಂವನ ಕೈ ಹಿಡಿದು ನಿಂತಿದ್ಳು.’

‘ಅಂವ ಎಲ್ಲಿ ಅದಾನ ಇದ್ರಾಗ?’

ಹುಡುಗ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹುಡುಕಿದ. ಎಡಗಡೆ ಮೂಲೆಯಲ್ಲಿ ಅರ್ಧ ರುಮಾಲು ಸಿಕ್ಕಿತು. ಮುಖ ಇರಲಿಲ್ಲ. ಹೇಳಬೇಕಾದ್ದೆಲ್ಲ ಆ ಅರ್ಧ ರುಮಾಲಿನಲ್ಲಿತ್ತು. ಅವನ ಕಣ್ಣು ಮುತ್ಯಾನ ಮೇಲೆ ನಿಂತಿತ್ತು, ಕೈ ಪಲ್ಲಕ್ಕಿಯ ಕಡೆ ಹೋಗಿತ್ತು. ಜಾತ್ರೆಯ ಫೋಟೊ ಎಂದರೆ ಪಲ್ಲಕ್ಕಿ ಇರಲೇಬೇಕು ಎನ್ನುವ ರೂಢಿ ಅವನ ಕೈಯನ್ನು ಎಳೆದಿತ್ತು. ಮುಂದಿನ ಸಲ ಝೂಮ್ ಎಳೆಯುವ ಬದಲು ಆರು ಹೆಜ್ಜೆ ಮುಂದೆ ಹೋಗು, ಮೊಬೈಲನ್ನು ಎದೆಯ ಎತ್ತರಕ್ಕೆ ಇಳಿಸು, ಪಲ್ಲಕ್ಕಿ ಹಿಂದೆ ಮಸುಕಾಗಿ ಇದ್ದರೂ ಸಾಕು ಎಂದೆ. ಮೊಬೈಲಿನ ಮಸೂರ ಅಗಲವಾಗಿ ನೋಡುವಂಥದು. ಹತ್ತಿರ ಹೋದಷ್ಟೂ ಅದು ಮುಂದಿರುವುದನ್ನು ದೊಡ್ಡದು ಮಾಡಿ, ಹಿಂದಿನದನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಅವನ ಉಳಿದ ಚಿತ್ರಗಳಲ್ಲೂ ಹತ್ತು ತಪ್ಪು ತೋರಿಸಬಹುದಿತ್ತು. ತೋರಿಸಲಿಲ್ಲ. ಒಂದು ಹೊತ್ತಿಗೆ ಒಂದೇ ಮಾತು ತಲೆಯಲ್ಲಿ ನಿಲ್ಲುತ್ತದೆ. ಹತ್ತು ಹೇಳಿದರೆ ‘ನನ್ನ ಕೈಲಿ ಆಗಂಗಿಲ್ಲ’ ಎನ್ನುವ ಹನ್ನೊಂದನೆಯ ಮಾತನ್ನು ಅವನೇ ಸೇರಿಸಿಕೊಳ್ಳುತ್ತಾನೆ.

ಹೆಣ್ಣುಮಕ್ಕಳು ತೆಗೆದ ಚಿತ್ರಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆ ನೂಕುನುಗ್ಗಲಿನಲ್ಲಿ ಪಲ್ಲಕ್ಕಿಯ ಮುಂದೆ ಹೋಗಿ ನಿಲ್ಲುವುದು ಒಬ್ಬ ಹುಡುಗಿಗೆ ಸುಲಭವಲ್ಲ. ‘ದೂರ ನಿಂತು ತೆಗೆದಿದ್ದೀಯ, ಧೈರ್ಯ ಸಾಲದು’ ಎನ್ನುವ ವಿಮರ್ಶಕನಿಗೆ ಆಕೆ ನಿಂತ ಜಾಗದ ಅರಿವಿಲ್ಲ. ಅದೇ ಹುಡುಗಿ ಹೊಳೆದಂಡೆಯಲ್ಲಿ ಸೀರೆ ಒಣಗಿಸುತ್ತ ಮಾತಾಡುವ ಅತ್ತಿಗೆ ನಾದಿನಿಯರನ್ನು, ಬಂಡಿಯ ನೆರಳಲ್ಲಿ ಮೂರು ಕಲ್ಲಿನ ಒಲೆ ಹೂಡಿ ಹೋಳಿಗೆ ಬೇಯಿಸುವ ಅವ್ವನನ್ನು, ರೊಟ್ಟಿ ಬುತ್ತಿ ಬಿಚ್ಚುವ ಕೈಗಳನ್ನು ತೆಗೆಯಬಲ್ಲಳು. ಗಂಡಸು ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದರೆ ಎಲ್ಲರೂ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತುಬಿಡುತ್ತಾರೆ. ಜಾತ್ರೆಯ ಬಹುಪಾಲು ನಡೆಯುವುದು ಅಲ್ಲಿಯೇ. ಆ ಚಿತ್ರಗಳು ‘ಮನೆ ಫೋಟೊ’ ಎಂದು ಯಾವ ಸ್ಪರ್ಧೆಗೂ ಹೋಗುವುದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಜೀವನವಿಡೀ ತೆಗೆದದ್ದು ಇಂಥ ಸಾಮಾನ್ಯ ಬದುಕನ್ನೇ. ಅವರು ತೆಗೆದ ಮಕ್ಕಳ ಚಿತ್ರಗಳು ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಒಬ್ಬ ಹುಡುಗಿಗೆ ‘ನೀನು ನಿಂತ ಜಾಗವೇ ನಿನ್ನ ಬಲ, ಅಲ್ಲಿಂದಲೇ ಇನ್ನೂ ತೆಗಿ’ ಎಂದು ಹೇಳುವವರು ಬೇಕಾಗಿದ್ದಾರೆ.

ಕರ್ನಾಟಕದಲ್ಲಿ ಹವ್ಯಾಸಿಗಳ ಚಿತ್ರವನ್ನು ಕೂತು ನೋಡುವ ಸಂಪ್ರದಾಯ ಇಲ್ಲವೆಂದಲ್ಲ. ಡಾ. ಜಿ. ಥಾಮಸ್ ಅವರ ಮುಂದಾಳತ್ವದಲ್ಲಿ 1953ರಲ್ಲಿ ಶುರುವಾದ ಭಾರತೀಯ ಛಾಯಾಚಿತ್ರ ಒಕ್ಕೂಟದ ಬೇರು ಬೆಂಗಳೂರಿನಲ್ಲಿದೆ. 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇಂದಿಗೂ ಅಲ್ಲಿ ಕೆಲಸ ಮಾಡುತ್ತಿದೆ. 2017ರಲ್ಲಿ ತೀರಿಕೊಂಡ ಟಿ.ಎನ್.ಎ. ಪೆರುಮಾಳ್ ಅವರು ಒ.ಸಿ. ಎಡ್ವರ್ಡ್ಸ್ ಅವರ ಬಳಿ ಪಳಗಿ, ತಾವೂ ಒಂದು ತಲೆಮಾರಿನ ವನ್ಯಜೀವಿ ಛಾಯಾಗ್ರಾಹಕರನ್ನು ತಿದ್ದಿ ಬೆಳೆಸಿದರು. ರೀಲಿನಲ್ಲಿ 36 ಚಿತ್ರ ಮಾತ್ರ ಇದ್ದ ಕಾಲ ಅದು. ಒಂದೊಂದಕ್ಕೂ ದುಡ್ಡು ಬಿದ್ದಿತ್ತು, ಆದ್ದರಿಂದ ಒಂದೊಂದನ್ನೂ ಬೆಳಕಿಗೆ ಹಿಡಿದು ಮಾತಾಡುತ್ತಿದ್ದರು. ನಮ್ಮ ಕಡೆಯವರೇ ಆದ ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಾಡುಪ್ರಾಣಿಗಳ ಫೋಟೊಗ್ರಫಿ ಅವರ ಹವ್ಯಾಸ. 1983ರಲ್ಲಿ ಬಂದ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪುಸ್ತಕಕ್ಕೆ ಅವರು ಕೊಟ್ಟ ರೂಪ ದಿನಚರಿಯದು. ಚಿತ್ರದ ಜೊತೆಗೆ ಅದನ್ನು ತೆಗೆದ ದಿನ ಏನಾಯಿತೆಂದು ಬರೆದಿಡುವ ರೂಢಿ ಹವ್ಯಾಸಿಗೆ ತಾನೇ ತನ್ನ ವಿಮರ್ಶಕನಾಗಲು ದೊಡ್ಡ ಸಹಾಯ.

ಆದರೆ ಸ್ಪರ್ಧೆಯ ತೀರ್ಪು ಬೇರೆ, ತಿದ್ದುವ ಮಾತು ಬೇರೆ. ಸಲೋನ್ ಎಂದು ಕರೆಯುವ ಛಾಯಾಚಿತ್ರ ಸ್ಪರ್ಧೆಗಳಲ್ಲಿ ತೀರ್ಪುಗಾರರ ಎದುರು ಒಂದು ಚಿತ್ರ ನಿಲ್ಲುವುದು ಕೆಲವೇ ಸೆಕೆಂಡು. ಅಂಕ ಒತ್ತುತ್ತಾರೆ, ಮುಂದಿನ ಚಿತ್ರ ಬರುತ್ತದೆ. ಕಳಿಸಿದವನ ಕೈಗೆ ಸಿಗುವುದು ಒಂದು ಸಂಖ್ಯೆ. ಆ ಸಂಖ್ಯೆ ಯಾಕೆ ಬಂತು ಎನ್ನುವುದು ತಿಳಿಯದೆ ಅವನು ಬಹುಮಾನ ಪಡೆದ ಚಿತ್ರಗಳನ್ನು ನಕಲು ಮಾಡಲು ಹೊರಡುತ್ತಾನೆ. ಸಂಕ್ರಾಂತಿಗೆ ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮೈಲಾರಲಿಂಗನ ಜಾತ್ರೆ ನಡೆದಾಗ ಗಾಳಿಗೆ ತೂರಿದ ಭಂಡಾರದ ಚಿತ್ರಗಳು ಒಂದರಂತೆ ಇನ್ನೊಂದು ಬರುವುದು ಹೀಗೆ. ಹಳದಿ ಮೋಡ, ನಡುವೆ ಒಂದು ಕೂಗುವ ಬಾಯಿ. ಚೌಕಟ್ಟನ್ನು ಮೂರು ಪಾಲು ಮಾಡಿ ವಸ್ತುವನ್ನು ಗೆರೆಯ ಮೇಲೆ ಕೂರಿಸಬೇಕೆಂಬ ನಿಯಮವೂ ಅಷ್ಟೇ. ಹೊಸಬರಿಗೆ ಅದು ಒಂದು ಊರುಗೋಲು, ಅದನ್ನೇ ಅಳತೆಗೋಲು ಮಾಡಿಕೊಂಡ ವಿಮರ್ಶಕ ಚಿತ್ರವನ್ನು ನೋಡುವುದನ್ನೇ ಬಿಟ್ಟಿರುತ್ತಾನೆ.

ಶಹಾಪುರದ ಮಲಗಿದ ಬುದ್ಧನ ಬೆಟ್ಟಕ್ಕೂ ಈ ಗತಿ ಬಂದಿದೆ. ಗುಡ್ಡದ ಸಾಲು ಮಲಗಿದ ಮನುಷ್ಯನ ಹಣೆ, ಮೂಗು, ಎದೆಯಂತೆ ಕಾಣುವ ಆ ಒಂದೇ ಕೋನ ಎಲ್ಲರ ಮೊಬೈಲಿನಲ್ಲೂ ಇದೆ. ಅದನ್ನು ತೋರಿಸಿದವನಿಗೆ ‘ಚಂದ ಅದ’ ಎನ್ನುವುದು ಬೆಟ್ಟಕ್ಕೆ ಹೇಳಿದ ಮಾತು, ಫೋಟೊಗಲ್ಲ. ‘ಇದರೊಳಗ ನಿನ್ನದು ಏನದ?’ ಎಂದು ಪ್ರೀತಿಯಿಂದ ಕೇಳಬಹುದು. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಈ ಭಾಗದ ಎಷ್ಟೋ ಹೊಲಗಳಲ್ಲಿ ಜೋಳ ಹೋಗಿ ಭತ್ತ ಬಂದಿದೆ. ನಾಟಿಯ ಹೊತ್ತಿಗೆ ನೀರು ನಿಂತ ಗದ್ದೆ ಹುಡುಕಿಕೊಂಡು ಹೋದರೆ ಆ ಬುದ್ಧ ಇನ್ನೊಂದು ಚಿತ್ರ ಆಗುತ್ತಾನೆ. ಹತ್ತು ವರ್ಷ ಕಳೆದ ಮೇಲೆ ಆ ಚಿತ್ರಕ್ಕೆ ಇತಿಹಾಸದ ಬೆಲೆಯೂ ಬರುತ್ತದೆ.

ಕೆಲವು ಚಿತ್ರಗಳನ್ನು ಎಷ್ಟೇ ಚೆನ್ನಾಗಿ ಬಂದಿದ್ದರೂ ಹೊಗಳಬಾರದು ಎಂದು ನಾನು ನಂಬಿದ್ದೇನೆ. ನಾರಾಯಣಪುರದ ಬಸವಸಾಗರದ ಗೇಟು ತೆರೆದು ಕೃಷ್ಣೆ ಉಕ್ಕಿದಾಗ ಸೇತುವೆಯ ಅಂಚಿಗೆ, ನೀರಿನೊಳಗಿನ ಬಂಡೆಗೆ ಹೋಗಿ ತೆಗೆದ ಚಿತ್ರ ಅಂಥದ್ದು. ಅದಕ್ಕೆ ಒಂದು ‘ಸೂಪರ್’ ಬಿದ್ದರೆ ಮರುದಿನ ಇನ್ನೊಬ್ಬ ಹುಡುಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಾನೆ. ಸುರಪುರದ ಹತ್ತಿರದ ಬೋನಾಳ ಪಕ್ಷಿಧಾಮದಲ್ಲಿ ಗೂಡಿನ ಹತ್ತಿರ ನುಗ್ಗಿ, ತಾಯಿಹಕ್ಕಿಯನ್ನು ಎಬ್ಬಿಸಿ ತೆಗೆದದ್ದೂ ಅಷ್ಟೇ. ದೇಶದ ಅನೇಕ ಪ್ರಕೃತಿ ಛಾಯಾಚಿತ್ರ ಸ್ಪರ್ಧೆಗಳು ಈಗ ಗೂಡಿನ ಚಿತ್ರವನ್ನು ತೆಗೆದುಕೊಳ್ಳುವುದೇ ಇಲ್ಲ. ಹತ್ತಿ ಬಿಡಿಸುವ ಕೂಲಿ ಹೆಂಗಸು ಬೇಡವೆಂದು ಮುಖ ತಿರುಗಿಸಿದ ಮೇಲೂ ಒತ್ತಿದ ಚಿತ್ರವನ್ನು ‘ಏನು ಭಾವನೆ!’ ಎಂದು ಮೆಚ್ಚುವುದು ಆಕೆಗೆ ಮಾಡುವ ಅನ್ಯಾಯ. ಇಂಥ ಕಡೆ ಬೆಳಕು, ಚೌಕಟ್ಟಿನ ಮಾತು ಎತ್ತುವ ಮೊದಲೇ ನೇರವಾಗಿ ಹೇಳಿಬಿಡಬೇಕು: ಹೀಗೆ ತೆಗೆಯಬೇಡ.

ಹೇಳುವ ಕ್ರಮಕ್ಕೂ ಒಂದು ಹದ ಇದೆ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಸುಮಾರಿಗೆ ಕಲಾವಿದರ ಅರೆಬರೆ ಕೆಲಸಗಳ ಬಗ್ಗೆ ಮಾತಾಡಲು ಒಂದು ಪದ್ಧತಿ ರೂಪಿಸಿದರು. ನೋಡಿದವರು ಮೊದಲು ತಮ್ಮನ್ನು ತಟ್ಟಿದ್ದು ಏನೆಂದು ಹೇಳುತ್ತಾರೆ. ಆಮೇಲೆ ಕಲಾವಿದರು ತಮಗೆ ಅನುಮಾನ ಇರುವಲ್ಲಿ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ನೋಡಿದವರು ಅಭಿಪ್ರಾಯ ಬೆರೆಸದೆ ಪ್ರಶ್ನೆ ಕೇಳುತ್ತಾರೆ. ಅಭಿಪ್ರಾಯದ ಸರದಿ ಕೊನೆಗೆ, ಅದೂ ಕಲಾವಿದರ ಒಪ್ಪಿಗೆ ಪಡೆದು. ಕುಣಿತಕ್ಕೆ ಹುಟ್ಟಿದ ಈ ಕ್ರಮ ಫೋಟೊಗೆ ಚೆನ್ನಾಗಿ ಹೊಂದುತ್ತದೆ. ‘ಈ ಮೂಲೆಯಲ್ಲಿರುವ ಕೆಂಪು ಬಕೆಟ್ ಬೇಕೆಂದೇ ಇಟ್ಟದ್ದೋ?’ ಎನ್ನುವುದು ಪ್ರಶ್ನೆ. ‘ಆ ಬಕೆಟ್ ಯಾಕೆ ಬಿಟ್ಟಿ?’ ಎನ್ನುವುದು ಬೈಗುಳ. ಮೊದಲನೆಯದನ್ನು ಕೇಳಿದರೆ ಹುಡುಗ ಬಕೆಟ್ಟನ್ನು ತಾನೇ ನೋಡುತ್ತಾನೆ. ನಾಲ್ಕು ಜನರಿರುವ ಗುಂಪಿನಲ್ಲಿ ಮೆಚ್ಚಿದ್ದನ್ನು ಹೇಳಿ, ತಿದ್ದುವುದನ್ನು ಪಕ್ಕಕ್ಕೆ ಕರೆದು ಹೇಳುವುದು ನಮ್ಮ ಊರುಗಳಿಗೆ ಇನ್ನೂ ಒಳ್ಳೆಯದು. ಅಣ್ಣತಮ್ಮಂದಿರ, ಸೋದರಮಾವನ ಎದುರು ಮುಖ ಸಣ್ಣದಾದವನು ಮತ್ತೆ ಮೊಬೈಲ್ ಹೊರಗೆ ತೆಗೆಯುವುದಿಲ್ಲ. ಹೊಗಳುವಾಗಲೂ ಬೆರಳಿಟ್ಟು ತೋರಿಸಬೇಕು. ‘ಈ ಎರಡು ತಲೆಗಳ ನಡುವೆ ನೀನು ಬಿಟ್ಟ ಸಂದಿಯಿಂದಲೇ ಪಲ್ಲಕ್ಕಿ ಕಾಣುತ್ತದೆ’ ಎಂದರೆ ತಾನು ಮಾಡಿದ್ದು ಏನು ಎಂದು ಅವನಿಗೆ ಗೊತ್ತಾಗುತ್ತದೆ, ಮತ್ತೆ ಮಾಡಬಲ್ಲ.

ನೋಡುವವರು ಇನ್ನೊಂದನ್ನು ಮರೆಯಬಾರದು. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ದಾರಿಯಲ್ಲಿ ಕುಗ್ಗಿ, ಸೂಕ್ಷ್ಮ ವಿವರ ಕಳೆದುಕೊಂಡಿರುತ್ತದೆ. ಅದನ್ನು ನೋಡಿ ‘ಶಾರ್ಪ್ ಇಲ್ಲ’ ಎಂದು ತೀರ್ಪು ಕೊಡುವುದು ಸರಿಯಲ್ಲ. ಮೂಲವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ತೆಗೆದವರ ಮೊಬೈಲಿನಲ್ಲೇ ನೋಡಿ. ಸಾಧ್ಯವಾದರೆ ಆ ಚಿತ್ರಕ್ಕೆ ಮೊದಲು ತೆಗೆದ ಐದು, ಆಮೇಲೆ ತೆಗೆದ ಐದು ಕೂಡ ತೋರಿಸಲು ಕೇಳಿ. ಒಳ್ಳೆಯದು ಎಷ್ಟೋ ಸಲ ಅವರು ಬಿಟ್ಟುಬಿಟ್ಟ ಚಿತ್ರದಲ್ಲಿರುತ್ತದೆ. ಕಣ್ಣು ಯಾವ ಕಡೆ ಸರಿಯುತ್ತಿತ್ತು ಎನ್ನುವುದೂ ಆ ಸಾಲಿನಲ್ಲೇ ಕಾಣುತ್ತದೆ.

ಚಿನ್ನದ ಬಣ್ಣದ ಸೂಕ್ಷ್ಮ ಕೆಲಸಕ್ಕೆ ಹೆಸರಾದ ಚಿತ್ರಕಲೆಯ ಪರಂಪರೆ ಇರುವ ಊರು ಸುರಪುರ. ನೋಡುವುದನ್ನು ಅಲ್ಲಿ ಹೊಸದಾಗಿ ಕಲಿಸಬೇಕಾಗಿಲ್ಲ, ಕೂಡಿ ನೋಡುವ ಜಾಗ ಮಾಡಿಕೊಟ್ಟರೆ ಸಾಕು. ಸುರಪುರ, ಶಹಾಪುರದ ಪದವಿ ಕಾಲೇಜುಗಳಲ್ಲಿ ಪ್ರೊಜೆಕ್ಟರ್ ಇದೆ. ತಿಂಥಣಿ ಜಾತ್ರೆ ಮುಗಿದ ವಾರ ಒಂದು ಸಂಜೆ ಅದನ್ನು ಹಚ್ಚಿ. ಬಹುಮಾನ ಬೇಡ, ಅಂಕ ಬೇಡ, ಮುಖ್ಯ ಅತಿಥಿಯ ಭಾಷಣವೂ ಬೇಡ. ಒಬ್ಬೊಬ್ಬರು ಐದು ಚಿತ್ರ ತರಲಿ. ಕ್ಯಾಮೆರಾ ಬಲ್ಲವರೊಬ್ಬರನ್ನು ಕರೆಯಿರಿ, ಅವರ ಪಕ್ಕದ ಕುರ್ಚಿಯಲ್ಲಿ ತಿಂಥಣಿಯ ಅಂಬಿಗರೊಬ್ಬರನ್ನು, ಪಲ್ಲಕ್ಕಿ ಹೊತ್ತವರೊಬ್ಬರನ್ನು, ಹೊಳೆದಂಡೆಯಲ್ಲಿ ಒಲೆ ಹೂಡಿದ ತಾಯಿಯೊಬ್ಬರನ್ನು ಕೂರಿಸಿ. ಪ್ರತಿ ಚಿತ್ರಕ್ಕೂ ಇಬ್ಬರು ಮಾತಾಡಲಿ, ಒಬ್ಬರು ಚೌಕಟ್ಟು ಬಲ್ಲವರು, ಇನ್ನೊಬ್ಬರು ಜಾಗ ಬಲ್ಲವರು. ಅಲ್ಲಿಯವರೆಗೆ, ಈ ಲೇಖನ ಓದಿದವರಲ್ಲಿ ನನ್ನ ವಿನಂತಿ ಒಂದೇ. ಇಂದು ಯಾರಾದರೂ ಹುಡುಗ, ಹುಡುಗಿ ಮೊಬೈಲ್ ಹಿಡಿದು ‘ಹ್ಯಾಂಗ ಬಂದದ್ರಿ?’ ಎಂದರೆ ಎರಡು ನಿಮಿಷ ಕೂತು ನೋಡಿ, ಕಂಡದ್ದನ್ನು ಒಂದು ಪೂರ್ಣ ವಾಕ್ಯದಲ್ಲಿ ಹೇಳಿ.